ಎರಡನೆಯ ಅಸ್ಸುಂತಾ

ಕಪ್ಪು ಸಂಪುಟದ ಬೆನ್ನಿಗಿದ್ದ ತೊಗಲಿನ ಹಿಡಿಯನ್ನು ಇಂದು ಎಂಬ ಶೋಧಕಿ ಎರಡೂ ಕೈಯಿಂದ ಎಳೆದು, ಎದೆಗೆ ಆನಿಸಿಕೊಂಡು ತಂದು, ಇಳಿಜಾರು ಮೇಜಿನ ಮೇಲೆ ಕೆಡವಿದಳು. ಆ ಗುರುವಾರ ಅವಳು ಎತ್ತಿದ ಹನ್ನೊಂದನೆಯ ಸಂಪುಟ ಅದು.

ಅಕ್ಕಪಕ್ಕದಲ್ಲಿ ನಿಂತವರೂ ಅದನ್ನೇ ಮಾಡುತ್ತಿದ್ದರು. ಎತ್ತುವುದು, ಕೆಡವುವುದು, ಬೆರಳು ಹಚ್ಚಿ ಹೆಸರು ಹುಡುಕುವುದು, ಮುಚ್ಚಿ ಮತ್ತೆ ಕಪಾಟಿಗೆ ತುರುಕುವುದು. ದಾಖಲೆ ಕೇಂದ್ರದ ಆ ಉದ್ದನೆಯ ಕೋಣೆ ಬಟ್ಟೆ ಒಗೆಯುವ ಹೊಳೆದಂಡೆಯಂತೆ ದಿನವಿಡೀ ಧಪಧಪ ಎನ್ನುತ್ತಿತ್ತು.

ಕೆಂಪು ಸಂಪುಟ ಹುಟ್ಟಿಗೆ. ಹಸಿರು ಮದುವೆಗೆ. ಕಪ್ಪು ಸಾವಿಗೆ.

1925, ಜನವರಿಯಿಂದ ಮಾರ್ಚ್. ಪುಟದ ನಡುವಿನಲ್ಲಿ ಆ ಸಾಲು ಇದ್ದಲ್ಲೇ ಇತ್ತು. ಬೆನೆದೆತ್ತಿ, ಅಸ್ಸುಂತಾ. ವಯಸ್ಸು 2. ಹೋಲ್ಬರ್ನ್.

ಈ ಒಂದು ಸಾಲನ್ನು ನಂಬಿ ಹದಿನೈದು ದಿನದ ಹಿಂದೆ ಇಂದು ತನ್ನ ಗಿರಾಕಿ ಲೂಚಿಯಾಳಿಗೆ ವರದಿ ಬರೆದುಕೊಟ್ಟಿದ್ದಳು: ನಿಮ್ಮ ತಾಯಿ ಅಸ್ಸುಂತಾ ಬೆನೆದೆತ್ತಿ ಅಲ್ಲ, ಸತ್ತ ಮಗುವಿನ ಹೆಸರಿನಲ್ಲಿ ಬದುಕಿದ ಬೇರೆ ಯಾರೋ.

ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಲೂಚಿಯಾಳ ತಾಯಿ 1946ರಲ್ಲಿ ಮದುವೆಯಾಗುವಾಗ ವಯಸ್ಸು ಇಪ್ಪತ್ತನಾಲ್ಕು ಎಂದು ಬರೆಸಿದ್ದಳು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 1922. ಆ ವರ್ಷದ ಕೆಂಪು ಸಂಪುಟದಲ್ಲಿ ಅಸ್ಸುಂತಾ ಬೆನೆದೆತ್ತಿ ಸಿಕ್ಕಿದಳು. ಅದೇ ಅಸ್ಸುಂತಾ ಎರಡೂವರೆ ವರ್ಷದ ನಂತರ ಕಪ್ಪು ಸಂಪುಟದಲ್ಲಿಯೂ ಸಿಕ್ಕಿದಳು. ಸತ್ತ ಮಗು ಮದುವೆಯಾಗುವುದಿಲ್ಲ.

ಆದರೂ ವರದಿ ಕೊಟ್ಟ ದಿನದಿಂದ ಇಂದುವಿಗೆ ನಿದ್ದೆ ಸರಿಯಿರಲಿಲ್ಲ. ಪಿನ್ನರ್‌ನ ತನ್ನ ಮನೆಯಲ್ಲಿ ಒಗ್ಗರಣೆ ಹಾಕುವಾಗ ಎರಡು ವರ್ಷದ ಒಂದು ಮಗು ಮೆಟ್ಟಿಲ ಬಳಿ ಕೂತಂತೆ ಅನಿಸುತ್ತಿತ್ತು. ಅದು ಅಳುತ್ತಿರಲಿಲ್ಲ. ಏನನ್ನೋ ಕೇಳಲು ತನ್ನ ಸರದಿಗೆ ಕಾಯುತ್ತಿರುವಂತೆ ಕೂತಿರುತ್ತಿತ್ತು.

ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಇಂದು ಬೆಚ್ಚಿ ತಿರುಗಿದಳು.

ಲೂಚಿಯಾ ನಿಂತಿದ್ದಳು. ಹೇಸ್‌ನಲ್ಲಿ ಹೆಂಗಸರ ಸಲೂನ್ ನಡೆಸುವ ನಲವತ್ತೆಂಟರ ಹೆಂಗಸು. ಬೆರಳ ತುದಿಗಳಲ್ಲಿ ಕೂದಲ ಬಣ್ಣದ ಕಲೆ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಕೆಳಗೆ ಬನ್ನಿ," ಎಂದಳು. "ಇಲ್ಲಿ ಕೂಗಾಡಿದರೆ ಹೊರಗೆ ಹಾಕುತ್ತಾರೆ."

* * *

ನೆಲಮಾಳಿಗೆಯಲ್ಲಿ ಲಾಕರುಗಳ ಸಾಲು, ಕಾಫಿ ಯಂತ್ರ, ಪ್ಲಾಸ್ಟಿಕ್ ಕುರ್ಚಿಗಳು. ತಾತ ಮುತ್ತಾತಂದಿರನ್ನು ಹುಡುಕಿ ಸುಸ್ತಾದವರು ಬುತ್ತಿ ಬಿಚ್ಚಿ ಕೂತಿದ್ದರು. ಲೂಚಿಯಾ ಕೂರಲಿಲ್ಲ.

"ನಿಮ್ಮ ಕಾಗದ ಎಲ್ಲ ಹಾಳು ಮಾಡಿತು, ಇಂದು."

"ಅಮ್ಮ ಹೇಗಿದ್ದಾರೆ?"

"ನೀರು ಮಾತ್ರ ಕುಡಿಯುತ್ತಾಳೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಅಂದಳು ನರ್ಸು. ಎಚ್ಚರವಾದಾಗಲೆಲ್ಲ ಅದೇ ಮಾತು. ನಾನು ಅಸ್ಸುಂತಾ ಅಲ್ಲ, ಅಸ್ಸುಂತಾ ಸತ್ತಿದ್ದಾಳೆ. ನನ್ನನ್ನು ಅಮ್ಮನ ಪಕ್ಕದಲ್ಲಿ ಮಲಗಿಸಿ. ಇಷ್ಟೇ. ನನ್ನ ಗುರುತು ಕೂಡ ಇಲ್ಲ ಅವಳಿಗೆ."

ಲೂಚಿಯಾ ಇಂದುವನ್ನು ಹುಡುಕಿಕೊಂಡು ಬಂದಿದ್ದೇ ಆ ಮಾತಿನಿಂದ. ಅಮ್ಮ ಅಸ್ಸುಂತಾ ಅಲ್ಲದಿದ್ದರೆ ಮತ್ತೆ ಯಾರು? ಇಟಲಿಯ ಯಾವ ಬೆಟ್ಟದಿಂದ, ಯಾವ ಮನೆಯಿಂದ ಬಂದವಳು?

"ನಮ್ಮ ಕುಟುಂಬದ ಗೋರಿ ಕೆನ್ಸಲ್ ಗ್ರೀನ್‌ನಲ್ಲಿದೆ ಅಂದಿದ್ದೆನಲ್ಲ. ಅದರಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಅದರ ಹಕ್ಕುಪತ್ರ ಇರುವುದು ಜಿಯಾ ಕತೆರೀನಾಳ ಹೆಸರಲ್ಲಿ." ಅವರಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲರಿಗೂ ಜಿಯಾ ಎಂಬ ಒಂದೇ ಮಾತು. ಕತೆರೀನಾ ಲೂಚಿಯಾಳ ತಾಯಿಯ ಅಕ್ಕ, ಮದುವೆಯಾಗದೆ ಕ್ಲರ್ಕನ್‌ವೆಲ್‌ನಲ್ಲೇ ಉಳಿದವಳು. "ಅವಳ ಸಹಿಯಿಲ್ಲದೆ ಗೋರಿ ತೆರೆಯುವ ಹಾಗಿಲ್ಲ. ಹೋದ ತಿಂಗಳು ಕೇಳಿದಾಗ, ಅವಳಿಗಲ್ಲದೆ ಇನ್ಯಾರಿಗೆ ಅಂದಿದ್ದಳು."

"ಈಗ?"

"ತಪ್ಪು ನನ್ನದೇ. ನಿಮ್ಮ ಕಾಗದ ತೆಗೆದುಕೊಂಡು ಹೋಗಿ ತೋರಿಸಿದೆ. ಓದಿದಳು. ಮತ್ತೊಮ್ಮೆ ಓದಿದಳು. ಕನ್ನಡಕ ತೆಗೆದು, ಹಾಗಾದರೆ ಅವಳು ನಮ್ಮವಳಲ್ಲ ಅಂದಳು. ಬಾಗಿಲು ತೋರಿಸಿದಳು. ಎಪ್ಪತ್ತು ವರ್ಷದ ತಂಗಿ, ಇಂದು! ಒಂದು ಕಾಗದಕ್ಕೆ!"

"ಅತ್ತರೇ?"

"ಅಳುವುದಾ? ಹಲ್ಲುನೋವು ಥಟ್ಟನೆ ನಿಂತವರ ಮುಖ ನೋಡಿದ್ದೀರಾ? ಹಾಗಿತ್ತು ಅವಳ ಮುಖ."

ಇಂದು ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟಳು.

ಲೂಚಿಯಾ ಕೊನೆಗೂ ಕುರ್ಚಿ ಎಳೆದು ಕೂತಳು. "ಅಣ್ಣನನ್ನು ಕಳಿಸಿ ನೋಡಿದೆ. ಲುಯಿಜಿ ಅರ್ಧ ಗಂಟೆ ಬಾಗಿಲು ಬಡಿದನಂತೆ. ಒಳಗಿಂದ ಟಿವಿ ಸದ್ದು ಜೋರು ಮಾಡಿದಳಂತೆ."

"ಯಾವ ಲುಯಿಜಿ?" ಇಂದು ಹುಬ್ಬು ಗಂಟಿಕ್ಕಿದಳು. "ನೀವು ಬರೆದುಕೊಟ್ಟ ಪಟ್ಟಿಯಲ್ಲಿ ಲುಯಿಜಿ ಹುಟ್ಟಿದ ವರ್ಷವೇ ತೀರಿಕೊಂಡ ಅಂತಿದೆ."

"ಅವನು ಮೊದಲನೆಯ ಲುಯಿಜಿ. ಇವನು ಎರಡನೆಯವನು."

"ಅಂದರೆ?"

"ಅಂದರೆ ಏನು? ಮೊದಲನೆಯವನು ಹೋದ. ಮುಂದೆ ಹುಟ್ಟಿದವನಿಗೆ ಅದೇ ಹೆಸರು ಇಟ್ಟರು. ಅಜ್ಜನ ಹೆಸರನ್ನು ಖಾಲಿ ಬಿಡಲಿಕ್ಕಾಗುತ್ತದಾ? ನಮ್ಮ ಬೀದಿಯಲ್ಲಿ ಎರಡನೆಯ ಮರಿಯಾ, ಮೂರನೆಯ ಜೊವಾನ್ನಿ ಎಷ್ಟು ಜನ ಬೇಕು?" ಲೂಚಿಯಾ ಕಾಫಿ ಗುಟುಕರಿಸಿದಳು. "ಯಾಕೆ, ನಿಮ್ಮಲ್ಲಿ ಏನು ಮಾಡುತ್ತಾರೆ?"

ಮೇಲಿನ ಕೋಣೆಯ ಧಪಧಪ ಸದ್ದು ಚಾವಣಿಯಿಂದ ಇಳಿದು ಇಂದುವಿನ ಎದೆಯೊಳಗೆ ಸೇರಿಕೊಂಡಂತೆ ಆಯಿತು.

ಹೊರಡುವ ಮುನ್ನ ಲೂಚಿಯಾ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಗೋರಿ ತೆರೆಯಲು ಹಕ್ಕುಪತ್ರ ಇರುವವರ ಒಪ್ಪಿಗೆ.

"ನೀವು ಕೆಡಿಸಿದ್ದು, ನೀವೇ ಸರಿಮಾಡಿ. ನನಗಂತೂ ಅವಳು ಬಾಗಿಲು ತೆಗೆಯುವುದಿಲ್ಲ."

* * *

ಮಧ್ಯಾಹ್ನ ಒಂದು ಗಂಟೆಗೆ ಅತ್ತೆ ಪಾರ್ವತೆವ್ವನ ಬಿಪಿ ಗುಳಿಗೆಯ ಹೊತ್ತು. ಎಲ್ಲಿದ್ದರೂ ಇಂದು ಆ ಹೊತ್ತಿಗೆ ಮನೆಗೆ ಫೋನು ಮಾಡುತ್ತಿದ್ದಳು. ನೆಲಮಾಳಿಗೆಯ ಗೋಡೆಯ ಫೋನಿಗೆ ನಾಣ್ಯ ಹಾಕಿದಳು.

"ಗುಳಗಿ ತಗೊಂಡ್ರೇನ್ರಿ, ಅತ್ತಿ?"

"ತಗೊಂಡೆವಾ. ನೀ ಎಲ್ಲದೀ? ಆ ಸತ್ತವರ ಕಚೇರ್ಯಾಗೇನ?"

"ಹೂಂ ರೀ. ಅತ್ತಿ, ಒಂದ್ ಮಾತ ಕೇಳ್ತೀನಿ. ಸತ್ತ ಕೂಸಿನ ಹೆಸರು ಮುಂದ ಹುಟ್ಟಿದ ಕೂಸಿಗೆ ಇಡತಾರೇನ್ರಿ ನಮ್ಮಲ್ಲಿ?"

"ಥೂ ಥೂ, ಬಿಡ್ತು ಅನ್ನ! ಮಟಮಟ ಮಧ್ಯಾಹ್ನದಾಗ ಏನ್ ಮಾತ ತಗದೀಯವಾ? ಹೋದದ್ದು ಬಾಗಲಾಗ ನಿಂತಿರತೈತಿ. ಹೆಸರು ಹಿಡದು ಕೂಗಿದ್ರ ಒಳಗ ಬರೂದಿಲ್ಲೇನ? ನಿನ್ನ ಗಂಡಗ ನಾವ್ಯಾಕ ತಿಪ್ಪ್ಯಾ ಅಂತ ಕರದ್ವಿ? ಅವಗಿಂತ ಮೊದಲ ಎರಡು ಹೋಗಿದ್ದು. ಮೊರದಾಗ ಹಾಕಿ ತಿಪ್ಪಿ ಮ್ಯಾಲ ಉಳ್ಳಾಡಿಸಿ ತಂದ್ವಿ. ಕಸಾ ಅಂತ ತಿಳದು ಯಮ ಬಿಟ್ಟ ಹೋದ. ಈಗ ನೋಡು, ಆ ಕಸಾ ಕ್ಯಾನರಿ ವಾರ್ಫ್‌ನಾಗ ಟೈ ಕಟಗೊಂಡ ಕುಂತೈತಿ."

ಇಂದುವಿಗೆ ನಗು ಬಂತು. ಆಫೀಸಿನಲ್ಲಿ ಅವಳ ಗಂಡ ಬಸವಂತಪ್ಪನನ್ನು ಎಲ್ಲರೂ ಬಾಸ್ ಎಂದು ಕರೆಯುತ್ತಿದ್ದರು.

"ಇಲ್ಲಿ ಮಂದಿ ಇಡತಾರಂತ್ರೀ ಅತ್ತಿ. ಅದ ಹೆಸರ."

"ಅಂಜಿಕಿ ಇಲ್ದ ಮಂದಿ," ಎಂದಳು ಪಾರ್ವತೆವ್ವ. "ಇಲ್ಲಾ, ಬಿಟ್ಟಿರಲಾರದ ಮಂದಿ. ಲಗೂ ಬಾ. ಸೃಷ್ಟಿ ಸಾಲಿಂದ ಬಂದು ಮತ್ತ ಆ ಪಿಜ್ಜಾ ಅಂತಾಳ."

ಫೋನಿಟ್ಟ ಮೇಲೂ ಇಂದು ಅಲ್ಲೇ ನಿಂತಿದ್ದಳು. ಹದಿನೈದು ದಿನದ ಹಿಂದೆ ಕಪ್ಪು ಸಂಪುಟದಲ್ಲಿ ಆ ಹೆಸರು ಕಂಡ ಕೂಡಲೇ ಅವಳು ಹುಡುಕಾಟ ಮುಗಿಸಿದ್ದಳು. ಬೇರೆ ಯಾವ ಶೋಧಕಿಯಾದರೂ ಇನ್ನೊಂದು ಹತ್ತು ವರ್ಷ ಮುಂದಕ್ಕೆ ನೋಡುತ್ತಿದ್ದಳು. ಇಂದು ನೋಡಲಿಲ್ಲ. ಸತ್ತ ಹೆಸರು ಮತ್ತೆ ಹುಟ್ಟಬಹುದೆಂದು ಧಾರವಾಡದ ಹೆಣ್ಣಿಗೆ ಹೊಳೆದೇ ಇರಲಿಲ್ಲ.

* * *

1925ರ ಏಪ್ರಿಲ್. ಇಲ್ಲ. ಜುಲೈ. ಇಲ್ಲ. ಅಕ್ಟೋಬರ್. ಇಲ್ಲ.

ಕೆಂಪು ಸಂಪುಟಗಳನ್ನು ಒಂದೊಂದಾಗಿ ಎಳೆದಳು. ಮಣಿಕಟ್ಟು ನೋಯತೊಡಗಿತು. ಪ್ರತಿ ಮನೆತನದ ಪಟ್ಟಿಯ ಕೊನೆಯಲ್ಲಿ ಆಗಾಗ ಹೆಸರಿಲ್ಲದ ಸಾಲುಗಳು ಬರುತ್ತಿದ್ದವು. ಹೆಸರಿಡುವ ಮುನ್ನವೇ ಹೋದ ಕೂಸುಗಳು. ಅಲ್ಲಿ 'ಗಂಡು' ಅಥವಾ 'ಹೆಣ್ಣು' ಎಂದಷ್ಟೇ ಅಚ್ಚಾಗಿರುತ್ತಿತ್ತು.

ಇದೇ ಕೋಣೆಯ ಕೊನೆಯ ಸಾಲಿನಲ್ಲಿ, 1981ರ ಸಂಪುಟದಲ್ಲಿ, ಅಂಥದೊಂದು ಸಾಲು ಇಂದುವಿನದೂ ಇತ್ತು. ಮಗಳು ಸೃಷ್ಟಿಗಿಂತ ಮೊದಲಿನ ಕೂಸು. ಮೂರು ದಿನದ್ದು. ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಅವಳು ಆ ಸಂಪುಟದ ಹಿಡಿಗೆ ಕೈ ಹಾಕಿರಲಿಲ್ಲ. ಅದರ ಮುಂದೆ ಹಾಯುವಾಗ ಹೆಜ್ಜೆ ತಾನಾಗಿ ಬೇಗವಾಗುತ್ತಿತ್ತು.

1926ರ ಅಕ್ಟೋಬರಿನಿಂದ ಡಿಸೆಂಬರ್.

ಬೆನೆದೆತ್ತಿ, ಅಸ್ಸುಂತಾ. ಹೋಲ್ಬರ್ನ್.

ಇಂದು ನಿರಾಳವಾಗಿ ಉಸಿರು ಬಿಟ್ಟಳು. ಹಾಗಾದರೆ ಲೂಚಿಯಾಳ ತಾಯಿ ಕಳ್ಳಿಯಲ್ಲ. ಸತ್ತ ಅಕ್ಕನ ಹೆಸರು ಹೊತ್ತು ಹುಟ್ಟಿದ ತಂಗಿ. ಇಷ್ಟು ಸರಳ. ಈ ಒಂದು ಸಾಲು ನಕಲು ಮಾಡಿಕೊಟ್ಟರೆ ಗೋರಿ ತೆರೆಯುತ್ತದೆ.

ಪೆನ್ಸಿಲು ಎತ್ತಿದವಳು ಅರ್ಧಕ್ಕೆ ನಿಲ್ಲಿಸಿದಳು.

ಮಗುವಿನ ಹೆಸರಿನ ಮುಂದೆ ತಾಯಿಯ ತವರುಮನೆಯ ಹೆಸರಿಗೆ ಒಂದು ಅಂಕಣವಿರುತ್ತದೆ. ಮೊದಲನೆಯ ಅಸ್ಸುಂತಾಳ ಮುಂದೆ ಅಲ್ಲಿ ಸಾರ್ತೋರಿ ಎಂದಿತ್ತು. ಲೂಚಿಯಾಳ ಅಜ್ಜಿಯ ತವರು ಅದು.

ಎರಡನೆಯ ಅಸ್ಸುಂತಾಳ ಮುಂದೆ ಬೆನೆದೆತ್ತಿ ಎಂದಿತ್ತು.

ಮಗುವಿನ ಮನೆತನವೂ ತಾಯಿಯ ತವರೂ ಒಂದೇ ಆದರೆ ಈ ಕಸುಬಿನವರು ದನಿ ತಗ್ಗಿಸುತ್ತಾರೆ. ಬೆನೆದೆತ್ತಿಯೊಬ್ಬ ಬೆನೆದೆತ್ತಿಯನ್ನೇ ಮದುವೆಯಾಗಿದ್ದರೂ ಹೀಗೆ ಬರಬಹುದು. ಇಂದು ಹಸಿರು ಸಂಪುಟಗಳಿಗೆ ಹೋಗಿ ಹತ್ತು ವರ್ಷ ತಿರುವಿದಳು. ಅಂಥ ಮದುವೆ ಇರಲಿಲ್ಲ.

ಉಳಿದದ್ದು ಒಂದೇ ಅರ್ಥ. ಮಗುವನ್ನು ಹೆತ್ತವಳು ಮದುವೆಯಾಗದ ಹುಡುಗಿ. ಅದೇ ಮನೆಯ ಮಗಳು.

ಹಲ್ಲುನೋವು ಥಟ್ಟನೆ ನಿಂತವರ ಮುಖ.

ಇಂದು ಕೋಟು ಹಾಕಿಕೊಂಡಳು.

* * *

ಕತೆರೀನಾಳ ಕೌನ್ಸಿಲ್ ಫ್ಲಾಟು, ನಗರಸಭೆಯ ಬಾಡಿಗೆ ಮನೆ, ಅಲ್ಲಿಂದ ಹತ್ತು ನಿಮಿಷದ ನಡಿಗೆ. ಇಟಲಿಯವರು ಐಸ್‌ಕ್ರೀಮ್ ಗಾಡಿ ತಳ್ಳುತ್ತಿದ್ದ ಬೀದಿಗಳಲ್ಲಿ ಈಗ ಗಾಜಿನ ಆಫೀಸುಗಳು. ಮೂರನೆಯ ಮಹಡಿಯ ಆ ಬಾಗಿಲಲ್ಲಿ ಮಾತ್ರ ಮೇರಿಮಾತೆಯ ಹಳೆಯ ಚಿತ್ರ ಅಂಟಿಸಿತ್ತು.

"ಯಾರು?"

"ಲೂಚಿಯಾಳಿಗೆ ಕಾಗದ ಬರೆದುಕೊಟ್ಟವಳು."

"ಹಾಗಾದರೆ ನಿನ್ನ ಕೆಲಸ ಮುಗಿದಿದೆ. ಹೋಗು."

"ಆ ಕಾಗದ ತಪ್ಪು, ಅಮ್ಮ. 1926ರದು ಸಿಕ್ಕಿತು."

ಒಳಗಿನ ಟಿವಿ ಸದ್ದು ನಿಂತಿತು. ಚಿಲಕ ಸರಿಯಿತು.

ಕತೆರೀನಾ ಗಿಡ್ಡ ಮುದುಕಿ. ಬೆನ್ನು ಬಾಗಿ ಮುಖ ನೆಲದ ಕಡೆಗೇ ಇಳಿದಿತ್ತು. ನೂರರ ಹತ್ತಿರ ಎಂದರೂ ನಂಬಬಹುದಿತ್ತು. ವಯಸ್ಸು ಕೇಳಿದರೆ ಬೆತ್ತ ಎತ್ತುತ್ತಾಳೆಂದು ಲೂಚಿಯಾ ಹೇಳಿದ್ದಳು. ಮೇಜಿನ ಮೇಲೆ ಅವರೆಕಾಯಿಯಂಥ ಚುಕ್ಕೆಚುಕ್ಕೆಯ ಕಾಯಿಗಳ ರಾಶಿ. ಮುದುಕಿ ಕೂತು ಸುಲಿಯಲು ಶುರುಮಾಡಿದಳು. ಕೂರು ಎನ್ನಲಿಲ್ಲ.

"ಯಾವ ಊರು ನಿಂದು?"

"ಧಾರವಾಡ. ಇಂಡಿಯಾದಲ್ಲಿ."

"ಅಲ್ಲಿ ಸತ್ತವರು ಯಾರೂ ಇಲ್ಲವಾ? ನಮ್ಮವರನ್ನು ಕೆದಕಲು ಇಲ್ಲಿಯವರೆಗೆ ಬಂದೆಯಾ?"

"ಇದ್ದಾರೆ," ಎಂದಳು ಇಂದು. "ಅವರನ್ನು ಕೆದಕಲು ಧೈರ್ಯ ಇಲ್ಲ."

ಮುದುಕಿ ತಲೆಯೆತ್ತಿ ಮೊದಲ ಬಾರಿಗೆ ಅವಳನ್ನು ಸರಿಯಾಗಿ ನೋಡಿದಳು. ಕಾಲಿನಿಂದ ಒಂದು ಸ್ಟೂಲು ಮುಂದಕ್ಕೆ ತಳ್ಳಿದಳು.

ಇಂದು ಕೂತು, ಸಾಲು ಬರೆದುಕೊಂಡ ಚೀಟಿಯನ್ನು ಕಾಯಿಗಳ ಪಕ್ಕ ಇಟ್ಟಳು. ಸುಲಿಯುವ ಬೆರಳುಗಳು ನಿಲ್ಲಲಿಲ್ಲ.

"ಓದಲು ಕನ್ನಡಕ ಕೊಡಲೇ?"

"ಬೇಡ. ಏನಿದೆ ಅಂತ ಗೊತ್ತು."

"ಹಾಗಾದರೆ ನನ್ನ ವರದಿ ತಪ್ಪು ಅಂತಲೂ ಆ ದಿನವೇ ಗೊತ್ತಿತ್ತು."

"ಗೊತ್ತಿತ್ತು."

"ಆದರೂ ಅವಳು ನಮ್ಮವಳಲ್ಲ ಅಂದಿರಿ. ಲೂಚಿಯಾ ಅಳುತ್ತ ಹೋದಳು. ಆಕೆ ಅಲ್ಲಿ ಸಾಯುತ್ತಿದ್ದಾರೆ."

"ನಿನ್ನ ಕಾಗದ ಒಳ್ಳೆಯ ಬೀಗವಾಗಿತ್ತು," ಎಂದಳು ಮುದುಕಿ. "ಯಾವಳೋ ಸತ್ತವಳ ಹೆಸರು ಕದ್ದಳು. ಅಷ್ಟೇ. ಆಮೇಲೆ ಯಾರೂ ಏನೂ ಕೇಳುವುದಿಲ್ಲ. ನಾನೇ ಎಪ್ಪತ್ತೆರಡು ವರ್ಷದಿಂದ ಬೀಗ ಹುಡುಕುತ್ತಿದ್ದೆ. ನೀನು ತಂದುಕೊಟ್ಟೆ. ಹಾಕಿಕೊಂಡೆ."

"ಯಾವ ಬಾಗಿಲಿಗೆ?"

ಒಂದು ಕಾಳು ಜಾರಿ ನೆಲಕ್ಕೆ ಬಿದ್ದು ಉರುಳಿತು. ಇಬ್ಬರೂ ಅದನ್ನು ನೋಡಿದರು. ಯಾರೂ ಎತ್ತಿಕೊಳ್ಳಲಿಲ್ಲ.

"ನಾನು ಹೆತ್ತೆ," ಎಂದಳು ಕತೆರೀನಾ.

ದನಿಯಲ್ಲಿ ಏರಿಳಿತವಿರಲಿಲ್ಲ. ಬೆರಳುಗಳು ಮಾತ್ರ ಬೇಗಬೇಗ ಸುಲಿಯತೊಡಗಿದವು.

"ಹದಿನಾರು ತುಂಬಿತ್ತು ನನಗೆ. ಮನೆಯಿಂದ ಹೊರಗೆ ಬಿಡಲಿಲ್ಲ. ಅಸ್ಸುಂತಾ ಹೋಗಿ ಎರಡು ವರ್ಷ ಆಗುತ್ತ ಬಂದಿತ್ತು. ನನ್ನಮ್ಮ ದಿನಾ ಅವಳ ಬಟ್ಟೆ ತೆಗೆದು ಮಡಿಚುತ್ತಿದ್ದಳು. ಮಗು ಹುಟ್ಟಿತು. ಹೆಣ್ಣು ಅಂದರು. ಅಮ್ಮ ಎತ್ತಿಕೊಂಡು ಹೋಗಿ ಆ ಬಟ್ಟೆಯನ್ನೇ ಹಾಕಿದಳು. ಅಸ್ಸುಂತಾ ಬಂದಳು ಅಂದಳು. ಬೀದಿಯವರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವಳು ನನ್ನ ತಂಗಿ."

"ಮತ್ತೆ ಮದುವೆಯಲ್ಲಿ ಇಪ್ಪತ್ತನಾಲ್ಕು ಅಂತ?"

"ಇಪ್ಪತ್ತು ಕೂಡ ತುಂಬಿರಲಿಲ್ಲ ಅವಳಿಗೆ. ಇಪ್ಪತ್ತೊಂದು ಆಗದಿದ್ದರೆ ಅಪ್ಪನ ಸಹಿ ಬೇಕಿತ್ತು ಆಗ. ಅಪ್ಪನನ್ನು ಎಲ್ಲಿಂದ ತರೋಣ? ಸತ್ತವಳ ಜನನಪತ್ರ ಟ್ರಂಕಿನಲ್ಲಿತ್ತು. ನಾನೇ ತೆಗೆದುಕೊಟ್ಟೆ. ಕೊಡುವಾಗ ಎಲ್ಲ ಹೇಳಬೇಕಾಯಿತು. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಈಗ ಬುದ್ಧಿ ಕಳಚಿ ಬಿದ್ದಿದೆ, ಒಳಗಿದ್ದದ್ದು ಹೊರಗೆ ಬರುತ್ತಿದೆ."

"ಆಕೆಗೆ ಗೊತ್ತಿತ್ತು," ಎಂದಳು ಇಂದು ಮೆಲ್ಲಗೆ.

"ಕೊಡು ಆ ಫಾರಂ."

ಇಂದು ಚೀಲದಿಂದ ಫಾರಂ ತೆಗೆದಳು. ಮುದುಕಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಕೋಷ್ಠಕವನ್ನು ತುಂಬಿದಳು. ಪಿಂಚಣಿ, ಕೌನ್ಸಿಲ್, ಡಾಕ್ಟರು ಎಂದು ಫಾರಂ ತುಂಬಿ ಪಳಗಿದ ಕೈ. ಹೆಸರು, ವಿಳಾಸ, ದಿನಾಂಕ. ಕೆಳಗೆ ಗುಂಡಗಿನ ಶಾಲೆಯ ಅಕ್ಷರದ ಸಹಿ.

ಕೊಡುವಾಗ ಮಾತ್ರ ಫಾರಂ ಬಿಡಲಿಲ್ಲ. ಇಬ್ಬರ ಕೈಯಲ್ಲೂ ಅದು ಬಿಗಿಯಾಗಿತ್ತು.

"ಅವಳನ್ನು ಅಮ್ಮನ ಗೋರಿಯಲ್ಲಿ ಮಲಗಿಸಲಿ. ಬದಲಿಗೆ ನಿನ್ನ ಹುಡುಕಾಟ ಇಲ್ಲಿಗೆ ಮುಗಿಯಬೇಕು. ಆ ಚೀಟಿ ಹರಿದು ಹಾಕು. ಪೂರ್ತಿ ಜನನಪತ್ರ ತರಿಸಬೇಡ. ನನ್ನ ಮಾತು ಸಾಕು ನಿನಗೆ. ಸಾಕಲ್ಲವಾ?"

ಮುದುಕಿಯ ಕಣ್ಣಲ್ಲಿ ಬೇಡಿಕೆ ಇತ್ತು. ಇಂದುವಿಗೆ ಆ ಕಣ್ಣನ್ನು ನೋಡಿ ಇಲ್ಲ ಎನ್ನಲಾಗಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಸುಮ್ಮನೆ ತಲೆ ತಗ್ಗಿಸಿದಳು.

ಬೆರಳುಗಳು ಸಡಿಲವಾದವು.

* * *

ಇಂದು ಫಾರಂ ಹಿಡಿದು ಮೆಟ್ಟಿಲಿಳಿದಳು. ಹೆತ್ತ ಮಗಳಿಂದ ಎಪ್ಪತ್ತೆರಡು ವರ್ಷ ಅಕ್ಕ ಎನಿಸಿಕೊಂಡ ಹೆಂಗಸು. ತನಗೆಂದು ಇಟ್ಟುಕೊಂಡ ಕೊನೆಯ ಜಾಗವನ್ನೂ ಕೊಟ್ಟುಬಿಟ್ಟಳು. ಇನ್ನು ಏನು ಹುಡುಕಬೇಕು?

ಎರಡನೆಯ ಮಹಡಿಯ ಕಿಟಕಿಯ ಬೆಳಕಿನಲ್ಲಿ, ಮಡಿಚುವ ಮುನ್ನ ಫಾರಂ ಸರಿಯಾಗಿದೆಯೇ ಎಂದು ಅಭ್ಯಾಸಬಲದಿಂದ ನೋಡಿದಳು. ಹೆಸರು. ವಿಳಾಸ. ಹುಟ್ಟಿದ ದಿನಾಂಕ.

9 ಮಾರ್ಚ್ 1917.

ಇಂದು ಕಂಬಿ ಹಿಡಿದು ನಿಂತಳು. ಹದಿನೇಳರಿಂದ ಇಪ್ಪತ್ತಾರಕ್ಕೆ ಎಣಿಸಿದಳು. ಬೆರಳು ಮಡಿಚಿ ಮತ್ತೆ ಎಣಿಸಿದಳು, ಸೃಷ್ಟಿ ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ.

ಒಂಬತ್ತು.

ಆ ಮಗು ಹುಟ್ಟಿದಾಗ ಕತೆರೀನಾಳಿಗೆ ಒಂಬತ್ತು ವರ್ಷ.

ಓಡುವ ಹೆಜ್ಜೆಯಲ್ಲಿ ದಾಖಲೆ ಕೇಂದ್ರಕ್ಕೆ ಮರಳಿ 1917ರ ಕೆಂಪು ಸಂಪುಟ ಎಳೆದಳು. ಬೆನೆದೆತ್ತಿ, ಕತೆರೀನಾ. ತಾಯಿಯ ತವರು ಸಾರ್ತೋರಿ. ಕೈ ಬರೆದದ್ದು ನಿಜ. ನಾಲಿಗೆ ಹೇಳಿದ್ದು ಸುಳ್ಳು.

ಮುಚ್ಚಿದ ಸಂಪುಟದ ಮೇಲೆ ಅಂಗೈಯೂರಿ ಇಂದು ನಿಂತಳು. ಒಂದು ಬೀಗ ಮುರಿದಾಗ ಮುದುಕಿ ಇನ್ನೊಂದನ್ನು ಹಾಕಿದ್ದಳು. ಈ ಬೀಗಕ್ಕೆ ಅವಳು ತನ್ನ ಮಾನವನ್ನೇ ಕೊಟ್ಟಿದ್ದಳು. ಮಾಡದ ಹೆರಿಗೆಯನ್ನು, ಪಡದ ನೋವನ್ನು ತನ್ನದೆಂದಳು. ಒಂಬತ್ತು ವರ್ಷದ ಹುಡುಗಿ ಬಾಗಿಲ ಸಂದಿಯಿಂದ ನೋಡಿದ್ದನ್ನು ಹದಿನಾರರ ಹುಡುಗಿಯ ಬಾಯಿಂದ ಹೇಳಿದ್ದಳು. ಹಾಗಾದರೆ ಆ ಹದಿನಾರರ ಹುಡುಗಿ ಇದ್ದಳು. ಆ ಮನೆಯಲ್ಲಿ ಇನ್ನೊಬ್ಬ ಬೆನೆದೆತ್ತಿ ಇದ್ದಳು. ಲೂಚಿಯಾಳ ಪಟ್ಟಿಯಲ್ಲಿ ಅವಳಿಲ್ಲ. ಮಾತಿನಲ್ಲಿ ಇಲ್ಲ. ಗೋರಿಯ ಕಲ್ಲಿನ ಮೇಲೂ ಅವಳ ಹೆಸರಿಲ್ಲ.

ಆ ಹುಡುಗಿಗೆ ಏನಾಯಿತು? ಎಂಬತ್ತೊಂದರ ಮುದುಕಿ ಇನ್ನೂ ಯಾರಿಗೆ ಹೆದರಿ, ಅಥವಾ ಯಾರಿಗೆ ಕೊಟ್ಟ ಮಾತಿಗೆ, ಬಾಗಿಲು ಕಾಯುತ್ತಿದ್ದಾಳೆ?

ಇನ್ನೊಂದು ಯೋಚನೆ ತಡವಾಗಿ ಬಂತು, ಬಂದು ಅಲ್ಲೇ ಕೂತುಬಿಟ್ಟಿತು. ಸಾಯುತ್ತಿರುವ ಅಸ್ಸುಂತಾ ಕೇಳುತ್ತಿರುವುದು ಅಮ್ಮನ ಪಕ್ಕದ ಜಾಗ. ಆಕೆಗೆ ತಾನು ಯಾರ ಮಗಳೆಂದು ಗೊತ್ತು. ಕತೆರೀನಾ ಸಹಿ ಮಾಡಿಕೊಟ್ಟದ್ದು ಹೆತ್ತವಳದಲ್ಲ, ಆಕೆಯ ಅಜ್ಜಿಯ ಗೋರಿ.

ಕೇಂದ್ರ ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಇಂದು ಅರ್ಜಿಯೊಂದನ್ನು ತೆಗೆದು 1926ರ ಸಾಲಿನ ಸಂಪುಟ, ಪುಟ ಬರೆದಳು. ಪೂರ್ತಿ ಜನನಪತ್ರದಲ್ಲಿ ಹೆತ್ತವಳ ಹೆಸರಿರುತ್ತದೆ, ಬಂದು ನೋಂದಾಯಿಸಿದವರ ಹೆಸರಿರುತ್ತದೆ.

ಕಿಟಕಿಯ ಹೆಂಗಸು ಮುದ್ರೆ ಒತ್ತಿದಳು. "ನಾಲ್ಕು ಕೆಲಸದ ದಿನ. ನಡುವೆ ಶನಿವಾರ ಭಾನುವಾರ ಬಂತು. ಬುಧವಾರ ಬನ್ನಿ."

ನರ್ಸು ಹೇಳಿದ್ದು ಒಂದು ವಾರ.

* * *

ಫ್ಯಾರಿಂಗ್‌ಡನ್ ಸ್ಟೇಷನ್ನಿನಿಂದ ಮಾಡಿದ ಫೋನು ಎರಡು ಸಲ ಬಡಿದುಕೊಳ್ಳುವಷ್ಟರಲ್ಲಿ ಲೂಚಿಯಾ ಎತ್ತಿಕೊಂಡಳು.

"ಬಾಗಿಲು ತೆಗೆದಳಾ?"

"ತೆಗೆದರು. ನನ್ನ ವರದಿ ತಪ್ಪು, ಲೂಚಿಯಾ. ನಿಮ್ಮ ಅಮ್ಮ ಬೆನೆದೆತ್ತಿಯೇ. ಎರಡನೆಯ ಅಸ್ಸುಂತಾ. ನಿಮ್ಮ ಎರಡನೆಯ ಲುಯಿಜಿಯ ಹಾಗೆ."

ಆ ಕಡೆ ಬಿಕ್ಕಳಿಕೆ, ಮೂಗು ಒರೆಸಿಕೊಳ್ಳುವ ಸದ್ದು. "ನೋಡಿದಿರಾ! ನನ್ನನ್ನೇ ಮೊದಲು ಕೇಳಬಾರದಿತ್ತಾ, ಪುಣ್ಯಾತ್ಗಿತ್ತಿ? ಮತ್ತೆ ಸಹಿ? ಸಹಿ ಮಾಡಿದಳಾ ಆ ಕಲ್ಲೆದೆಯವಳು?"

ಇಂದುವಿನ ಕೈ ಚೀಲದೊಳಗಿತ್ತು. ಫಾರಂನ ಮಡಿಕೆ ಬೆರಳಿಗೆ ತಾಗುತ್ತಿತ್ತು. ಇದನ್ನು ಕೊಟ್ಟರೆ ಒಪ್ಪಂದಕ್ಕೆ ತನ್ನ ಸಹಿಯೂ ಬಿದ್ದಂತೆ. ಮಣ್ಣು ಮುಚ್ಚಿದ ಮೇಲೆ ಯಾವ ಪತ್ರ ಬಂದರೂ ಅಸ್ಸುಂತಾಳನ್ನು ಎಬ್ಬಿಸಿ ಬೇರೆ ತಾಯಿಯ ಪಕ್ಕ ಮಲಗಿಸಲಾಗುವುದಿಲ್ಲ. ಕೊಡದೆ ಕಾಯುವಾಗ ಬುಧವಾರದೊಳಗೇ ಆಕೆ ಹೋದರೆ, ಈ ಗೋರಿಯೂ ಇಲ್ಲದೆ ಲೂಚಿಯಾ ಬೀದಿಯಲ್ಲಿ ನಿಲ್ಲುತ್ತಾಳೆ. ಆ ಪಾಪ ಯಾರ ತಲೆಗೆ ಬರುತ್ತದೆಂದು ಇಂದುವಿಗೆ ಗೊತ್ತಿತ್ತು.

"ಇನ್ನೂ ಇಲ್ಲ," ಎಂದಳು. "ಯೋಚಿಸಲು ಬುಧವಾರದವರೆಗೆ ಬೇಕಂತೆ."

"ಬುಧವಾರ? ಅಮ್ಮನಿಗೆ ಅಷ್ಟು..."

"ಗೊತ್ತು."

ಫೋನಿಟ್ಟು ಮೆಟ್ಟಿಲಿಳಿದಳು. ಪಿನ್ನರ್ ಕಡೆಯ ರೈಲು ಆಗಲೇ ಬಂದು ನಿಂತಿತ್ತು. ಜನರ ನಡುವೆ ಕಂಬಿ ಹಿಡಿದು ನಿಂತು, ಚೀಲವನ್ನು ಮುಂದಕ್ಕೆ ಎಳೆದುಕೊಂಡು ಅದರ ಜಿಪ್ಪು ಹಾಕಿದಳು. ಬುಧವಾರ ಸಂಜೆಯವರೆಗೆ ಅದನ್ನು ತೆರೆಯುವುದಿಲ್ಲ. ಮನೆಯಲ್ಲಿ ಬಸವಂತಪ್ಪ ಕೇಳಿದರೆ ಇವತ್ತು ಏನೂ ಸಿಗಲಿಲ್ಲ ಎನ್ನುತ್ತಾಳೆ. ಅತ್ತೆ ಕೇಳಿದರೂ ಅಷ್ಟೇ.

ಬಾಗಿಲು ಮುಚ್ಚಿತು.